ದೆಫಾರನ ಭಾಷೆಗೆ ಒಂದು ಪುಸ್ತಕ

ಜನವರಿ 9, ಗುರುವಾರ

ಇವತ್ತಿನ ಸಭೆಯಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

ನಿರ್ದೇಶಕ ಬ್ರುಮ್ನಿಚ್ ಹೇಳಿದ್ದು ಇಷ್ಟು. ಲಿವಿಯೊ ದೆಫಾರ್‌ಗೆ ನವೆಂಬರಿನಲ್ಲಿ ಪಾರ್ಶ್ವವಾಯು ಬಡಿದಿದೆ. ಬಲಗೈ, ಮಾತು ಎರಡೂ ಹೋಗಿವೆ. ಒಡೆದ ಗೋಡೆಚಿತ್ರಗಳ ಚೂರು ಜೋಡಿಸಲು ಅವನು ಬರೆದ ಪ್ರೋಗ್ರಾಮನ್ನು ನಡೆಸಬಲ್ಲವರು ಈ ಪುಲಾ ಊರಿನಲ್ಲಿ ಇನ್ನೊಬ್ಬರಿಲ್ಲ. ನಮ್ಮ ಕಾರ್ಯಾಗಾರ ಮಾರ್ಚಿನಲ್ಲಿ ಈ ಹಳೆಯ ನೌಕಾಪಡೆಯ ಗೋದಾಮು ಬಿಟ್ಟು ಹೊಸ ಕಟ್ಟಡಕ್ಕೆ ಹೋಗಬೇಕು. ಅಷ್ಟರೊಳಗೆ ಪ್ರೋಗ್ರಾಮು ಅಲ್ಲಿನ ಹೊಸ ಕಂಪ್ಯೂಟರ್ ಯಂತ್ರದಲ್ಲಿ ಓಡದಿದ್ದರೆ, ಸಂತ ಆನಾಳ ಇಗರ್ಜಿಯ ಉಳಿದ ಚೂರುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಉಗ್ರಾಣಕ್ಕೆ ಕಳಿಸುವುದು, ಗೋಡೆಯ ಖಾಲಿ ಜಾಗಕ್ಕೆ ಬಿಳಿ ಗಾರೆ ಬಳಿದು ಕೈ ತೊಳೆದುಕೊಳ್ಳುವುದು.

"ನಾನು ಕಲಿತೀನಿ" ಅಂದುಬಿಟ್ಟೆ.

ಬ್ರುಮ್ನಿಚ್ ಕನ್ನಡಕ ತೆಗೆದು ಒರೆಸಿಕೊಂಡ. "ನೇವಿಯಾ, ಫೋನಲ್ಲಿ ಒಂದು ಫೋಟೋ ಕಳಿಸೋಕೂ ನನ್ನ ಹತ್ರಾನೇ ಬರ್ತೀಯಲ್ಲ ಮಾರಾಯ್ತಿ!"

"ಆ ಹೆಂಗಸಿನ ಮುಖ ಸಿಗದೆ ಪೆಟ್ಟಿಗೆ ಮುಚ್ಚೋಕೆ ನಾನು ಬಿಡಲ್ಲ."

ಇಗರ್ಜಿಯ ಸೂರು ಕುಸಿದು ಗೋಡೆಯ ಚಿತ್ರ ಪುಡಿಯಾದಾಗ ನನಗೆ ಮೂವತ್ತೈದೋ ಮೂವತ್ತಾರೋ. ಆ ಚಿತ್ರದಲ್ಲಿ ಆನಾ ಮಗು ಹೆತ್ತು ಮಲಗಿದ್ದಾಳೆ. ಮೂಲೆಯಲ್ಲೊಬ್ಬ ಕೆಲಸದ ಹೆಂಗಸು ಮಗುವಿನ ಸ್ನಾನದ ನೀರಿಗೆ ಕೈ ಅದ್ದಿ ಬಿಸಿ ನೋಡುತ್ತಿದ್ದಾಳೆ. ಅವಳ ಕೈ ಕೂಡಿಸಿದೆ, ತಲೆವಸ್ತ್ರ ಕೂಡಿಸಿದೆ. ಮುಖ ಮಾತ್ರ ಈ ದಿನದವರೆಗೂ ಸಿಕ್ಕಿಲ್ಲ. ಆ ಚಿತ್ರದ ಫೋಟೋ ಯಾರೂ ತೆಗೆದಿಟ್ಟಿರಲಿಲ್ಲ, ಮೂಲೆಯ ಆ ಮುಖ ಹೇಗಿತ್ತೆಂದು ಊರಿನಲ್ಲಿ ಯಾರಿಗೂ ನೆನಪಿಲ್ಲ. ಅವಳಿಗೆ ಬಿಳಿ ಗಾರೆ ಬಳಿಯುತ್ತಾರಂತೆ.

ಉಗುರಿನಷ್ಟು ಗಾತ್ರದ ಚೂರುಗಳು. ಕೈಯಲ್ಲೇ ಜೋಡಿಸುತ್ತ ಕೂತರೆ ನನ್ನ ಆಯುಷ್ಯವೂ ಸಾಲದು, ನನ್ನ ಮೊಮ್ಮಕ್ಕಳದ್ದೂ ಸಾಲದು. ದೆಫಾರನ ಪ್ರೋಗ್ರಾಮು ಚೂರುಗಳ ಚಿತ್ರ ನೋಡಿ 'ಇದು ಇದರ ಪಕ್ಕದ್ದಿರಬಹುದು' ಅನ್ನುತ್ತದೆ. ನಾನು ಅವೆರಡನ್ನು ಮರಳಿನ ತಟ್ಟೆಯಲ್ಲಿಟ್ಟು ಕೂಡಿಸಿ ನೋಡಿ ಹೌದು, ಅಲ್ಲ ಅನ್ನುತ್ತೇನೆ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಹೀಗೇ ನಡೆದುಬಂದಿದೆ. ಮೊದಲ ವಾರದಲ್ಲೇ ಅವನ ಯಂತ್ರ ದೇವದೂತನ ಮೂಗನ್ನು ಕುರಿಯ ಮಂಡಿಗೆ ಅಂಟಿಸಿದಾಗ ನಾನು ಎಲ್ಲರೆದುರು ನಕ್ಕಿದ್ದೆ. ಅವತ್ತಿನಿಂದ ಆ ಮನುಷ್ಯ ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಬೆಳಿಗ್ಗೆ ಒಂದು ನಮಸ್ಕಾರ, ಸಂಜೆ ಒಂದು ನಮಸ್ಕಾರ, ಅಷ್ಟೇ ನಮ್ಮ ಮಾತುಕತೆ.

ಅಂಥವನ ಭಾಷೆಯನ್ನು ಈಗ ನಾನು ಕಲಿಯಬೇಕು.

ಜನವರಿ 14, ಮಂಗಳವಾರ

ಝಾಗ್ರೆಬ್‌ನಿಂದ ತಿಹಾನಾ ಬಂದಿದ್ದಾಳೆ. ಮೂವತ್ತು ದಾಟಿರಬಹುದು, ಪ್ರೋಗ್ರಾಮು ಬರೆಯುವುದೇ ಅವಳ ಉದ್ಯೋಗ. ದೆಫಾರನ ಕೆಲಸವನ್ನು ಹೊಸ ಯಂತ್ರಕ್ಕೆ ಸಾಗಿಸಲು ಎರಡು ತಿಂಗಳಿಗೆ ನೇಮಿಸಿದ್ದಾರೆ. ಆ ಭಾಷೆಯ ಹೆಸರು ಲಿಸ್ಪ್ ಎಂದು ಇವಳಿಂದಲೇ ನನಗೆ ತಿಳಿದದ್ದು. ಯಂತ್ರದ ತೆರೆಯನ್ನು ನೋಡಿದೊಡನೆ ಎರಡೂ ಕೈ ಕೆನ್ನೆಗಿಟ್ಟುಕೊಂಡು, "ಅಯ್ಯೋ, ಎಷ್ಟು ಚೆಂದ ಇದೆ!" ಅಂದಳು. ನಾನೂ ನೋಡಿದೆ. ಬರೀ ಬ್ರಾಕೆಟ್ಟುಗಳು. ಯಾರೋ ಉಗುರು ಕತ್ತರಿಸಿ ಚೆಲ್ಲಿದ ಹಾಗಿತ್ತು.

"ನನಗೊಂದು ಪುಸ್ತಕ ಹೇಳು. ಒಂದೇ ಒಂದು. ಸರಿಯಾದ್ದು" ಅಂದೆ.

"ಅದು ಕಷ್ಟ ಅಕ್ಕಾ. ಲಿಸ್ಪ್ ಜನರಿಗೆ ಯಾವ ಪುಸ್ತಕ ಅಂತ ಮಾತ್ರ ಕೇಳಬಾರದು."

ಕೇಳಿಯೇ ಕೇಳಿದಳು. ಝಾಗ್ರೆಬ್‌ನಲ್ಲಿ ಅವಳದೊಂದು ಲಿಸ್ಪ್ ಗುಂಪಿದೆ. ಗುರುವಾರಕ್ಕೊಮ್ಮೆ ಬಿಯರ್ ಕುಡಿದು ಬ್ರಾಕೆಟ್ಟುಗಳ ಬಗ್ಗೆ ಮಾತಾಡುತ್ತಾರಂತೆ. 'ಐವತ್ತೆಂಟರ ಹೆಂಗಸು, ಹಳೆಯ ಗೋಡೆಚಿತ್ರ ಸರಿಪಡಿಸುವವರು, ಗಣಿತ ಬಾರದು, ಕೋಪ ಜಾಸ್ತಿ. ಯಾವ ಪುಸ್ತಕ ಕೊಡಲಿ?' ಎಂದು ಬರೆದಳು. ಕೋಪದ ವಿಚಾರ ಸೇರಿಸು ಎಂದು ನಾನು ಹೇಳಿರಲಿಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ಅಲ್ಲಿ ಜಗಳ ಹೊತ್ತಿಕೊಂಡಿತ್ತು. ಒಬ್ಬ ವಿಶ್ವವಿದ್ಯಾಲಯದ ದಪ್ಪ ಪುಸ್ತಕವೇ ಆಗಬೇಕು ಅಂತಾನೆ. ಇನ್ನೊಬ್ಬ, ಅದನ್ನು ಕೊಟ್ಟರೆ ಪಾಪ ಅವರು ಸತ್ತೇ ಹೋಗ್ತಾರೆ, ವಿಡಿಯೊ ತೋರಿಸಿ ಅಂತಾನೆ. ಮತ್ತೊಬ್ಬನಿಗೆ ಆಟ ಬರೆಯುತ್ತ ಕಲಿಸುವ ಪುಸ್ತಕ ಬೇಕು. ಕೊನೆಗೊಬ್ಬ ಬಂದು, ಭಾಷೆಯ ಅಧಿಕೃತ ವಿವರಣೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದಲ್ಲದೆ ಬೇರೆ ದಾರಿಯೇ ಇಲ್ಲ ಎಂದ. ಅವನನ್ನು ಎಲ್ಲರೂ ಸೇರಿ ಹಿಗ್ಗಾಮುಗ್ಗಾ ಬೈದರು.

ನಾನು ದಪ್ಪದ್ದನ್ನೇ ಆರಿಸಿದೆ. ಕಲಿಯುವುದೇ ಆದರೆ ಬುಡದಿಂದ ಕಲಿಯಬೇಕು.

ಜನವರಿ 25, ಶನಿವಾರ

ಹನ್ನೊಂದು ದಿನ ಕಣ್ಣು ಕೆಂಪು ಮಾಡಿಕೊಂಡು ಓದಿದೆ. ಮೊದಲ ಅಧ್ಯಾಯದಲ್ಲೇ ವರ್ಗಮೂಲ ಬಂತು. ಶಾಲೆಯಲ್ಲಿ ಬಿಟ್ಟು ಓಡಿಬಂದದ್ದು ಇಲ್ಲಿ ಬಾಗಿಲಲ್ಲೇ ಕಾದು ಕೂತಿತ್ತು. ಆದರೂ ಬಿಡಲಿಲ್ಲ. ಅಲ್ಲಿದ್ದದ್ದನ್ನು ಬರೆದುಕೊಂಡು ಇವತ್ತು ಧೈರ್ಯವಾಗಿ ದೆಫಾರನ ಯಂತ್ರದಲ್ಲಿ ಒತ್ತಿದೆ. ಅದು ನನ್ನ ಮೇಲೆ ಹರಿಹಾಯ್ದಿತು. 'ಈ ಹೆಸರು ನನಗೆ ಗೊತ್ತಿಲ್ಲ.'

ತಿಹಾನಾ ಪುಸ್ತಕದ ಹೊದಿಕೆ ನೋಡಿದಳು, ನನ್ನ ಮುಖ ನೋಡಿದಳು. "ಅಕ್ಕಾ, ಇದು ಸ್ಕೀಮ್‌ನ ಪುಸ್ತಕ."

"ಹಾಗಂದ್ರೆ?"

"ಅದೇ ಮನೆತನ. ಆದ್ರೆ ಬೇರೆ ಮನೆ. ಚಿಕ್ಕಪ್ಪನ ಮನೆ ಅಂದ್ಕೊಳ್ಳಿ. ಮುಖ ಒಂದೇ ಥರ, ಅಡುಗೆ ಬೇರೆ."

"ನಿಂಗೆ ಮೊದಲೇ ಹೇಳೋಕಾಗಲಿಲ್ವಾ?"

"ಗುಂಪಿನವನು ಅದರ ಹೆಸರು ಹೇಳಿದಾಗ ನಾನು ಆ ಜಗಳದಲ್ಲೇ ಮುಳುಗಿಹೋಗಿದ್ದೆ..."

ಬೈದೆ. ಚೆನ್ನಾಗಿಯೇ ಬೈದೆ. ಅವಳು ಹೋಗಿ ಬೆಂಕಿಯಲ್ಲಿ ಕೆಂಪು ವೈನ್ ಬಿಸಿ ಮಾಡಿ, ಸುಟ್ಟ ಬ್ರೆಡ್ ಅದ್ದಿ ತಂದು ನನ್ನ ಮುಂದಿಟ್ಟಳು. ಝಾಗ್ರೆಬ್‌ನವಳಿಗೆ ನಮ್ಮ ಸೂಪ ಮಾಡಲು ಯಾರು ಕಲಿಸಿದರೋ.

ಜನವರಿ 29, ಬುಧವಾರ

ವಿಡಿಯೊ. ಹಲ್ಲುಕಿರಿಯುವ ಹುಡುಗ. 'ಇದಂತೂ ತುಂಬಾ ಸುಲಭ' ಎಂದು ಮಾತಿಗೊಮ್ಮೆ ಹೇಳುತ್ತಾನೆ. ಮುಚ್ಚಿದೆ.

ಫೆಬ್ರವರಿ 2, ಭಾನುವಾರ

ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಬೇರೆ ಯಾರನ್ನು ಕೇಳಲಿ? ಪ್ರೋಗ್ರಾಮು ಬರೆದವನೇ ಹೇಳಲಿ.

ದೆಫಾರ್ ಸಮುದ್ರದ ಕಡೆಯ ಕಿಟಕಿಯ ಪಕ್ಕ ಕೂತಿದ್ದ. ತೆಳ್ಳಗಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ನನ್ನನ್ನು ನೋಡಿ ಬೆಚ್ಚಿದ. ಇಷ್ಟು ವರ್ಷದಲ್ಲಿ ನಾನಾಗಿ ಅವನ ಎದುರು ಕುರ್ಚಿ ಎಳೆದು ಕೂತದ್ದು ಇದೇ ಮೊದಲು.

"ಮಾತು ಅರ್ಥ ಆಗುತ್ತಾ?" ಕೇಳಿದೆ. ಕಣ್ಣು ಮುಚ್ಚಿ ತೆರೆದ. ಅದು ಹೌದಂತೆ, ದಾದಿ ಹೇಳಿದಳು.

"ನಿಮ್ಮ ಲಿಸ್ಪ್ ಕಲೀಬೇಕು ನಾನು. ನಗಬೇಡಿ. ಇದರಲ್ಲಿ ಯಾವುದು ಓದಲಿ?"

ಮೊದಲ ಪುಸ್ತಕವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದ. ಎರಡನೆಯದನ್ನೂ ಸರಿಸಿದ. ಮೂರನೆಯದನ್ನು ಸ್ವಲ್ಪ ತಿರುವಿ, ಯಾವುದೋ ಹಳೆಯ ಗೆಳೆಯ ಸಿಕ್ಕಿದ ಹಾಗೆ ಮುಖ ಅರಳಿಸಿ, ಅದನ್ನೂ ಸರಿಸಿದ. ಆಮೇಲೆ ಎಡಗೈಯ ಒಂದೇ ಬೆರಳಿನಿಂದ ಮೇಜನ್ನು ಕುಟ್ಟಿದ. ಟಕ್, ಟಕ್, ಟಕ್. ನಿಲ್ಲಿಸಿ, ಕಿವಿಗೊಟ್ಟು, ಮತ್ತೆ ಟಕ್, ಟಕ್.

"ಯಂತ್ರದ ಹತ್ರಾನೇ ಕೇಳು ಅಂತೀರಾ?"

ಕಣ್ಣು ಮುಚ್ಚಿದ.

"ಅದಕ್ಕೇನು ಬಾಯಿದೆಯಾ ಹೇಳೋಕೆ?"

ಮತ್ತೆ ಕಣ್ಣು ಮುಚ್ಚಿದ. ಬಾಯಿ ಇಲ್ಲದಂತಾದವನ ಮುಂದೆ ಇಂಥ ಮಾತಾಡಿದೆನಲ್ಲ ಎಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನಾಚಿಕೆಯಾಯಿತು.

ಫೆಬ್ರವರಿ 5, ಬುಧವಾರ

ಇದನ್ನು ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಆದದ್ದನ್ನು ಆದಹಾಗೇ ಬರೆಯುತ್ತೇನೆ.

ಪುಸ್ತಕಗಳನ್ನು ಕಪಾಟಿಗೆ ಸೇರಿಸಿ ಯಂತ್ರದ ಮುಂದೆ ಕೂತೆ. (+ 2 3) ಒತ್ತಿದೆ. 5 ಬಂತು. ಸರಿ, ಇದನ್ನು ಅಂಗಡಿಯವನ ಯಂತ್ರವೂ ಮಾಡುತ್ತದೆ. ಆಗ ತಿಹಾನಾ ಹಿಂದಿನಿಂದ ಬಗ್ಗಿ, "ಮುಂದೆ ಒಂದು ಕೋಟ್ ಗುರುತು ಹಾಕಿ" ಎಂದಳು. ಬ್ರಾಕೆಟ್ಟಿನ ಎಡಕ್ಕೆ, ತಲೆಯ ಮೇಲೆ, ಸಣ್ಣದೊಂದು ಗೆರೆ. '(+ 2 3). ಒತ್ತಿದೆ.

(+ 2 3) ಎಂದೇ ಬಂತು. ಲೆಕ್ಕ ಮಾಡಲಿಲ್ಲ. ತನ್ನನ್ನೇ ತೋರಿಸಿತು.

"ಈಗ ಅದರಲ್ಲಿ ಮೊದಲನೇದು ಯಾವುದು ಅಂತ ಕೇಳಿ."

ಕೇಳಿದೆ. + ಎಂದಿತು. ಉಳಿದದ್ದು? (2 3) ಎಂದಿತು.

ಹೇಳಿದ ಕೆಲಸವನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದು! ಹಾಗೇ ಬಿಟ್ಟರೆ ಅದು ಕೆಲಸ. ಆ ಸಣ್ಣ ಗೆರೆ ಹಾಕಿದರೆ ಅದೊಂದು ವಸ್ತು. ನಾನು ಜೀವಮಾನವಿಡೀ ಮಾಡಿದ್ದು ಇದನ್ನೇ ಅಲ್ಲವೇ? ದೂರ ನಿಂತರೆ ಅದು ತಾಯಿ, ಮಗು, ನೀರು. ಹತ್ತಿರ ಹೋದರೆ ಸುಣ್ಣ, ಮರಳು, ಬಣ್ಣ. ಎರಡೂ ಒಂದೇ, ಎರಡೂ ನಿಜ.

"ಬೇರೆ ಭಾಷೆಗಳಲ್ಲೂ ಹೀಗೇನಾ?"

"ಇಷ್ಟು ಸಲೀಸಾಗಿ ಇಲ್ಲ ಅಕ್ಕಾ" ಅಂದಳು ತಿಹಾನಾ. ಅವಳ ಮುಖದಲ್ಲಿ ಎಂಥ ಹೆಮ್ಮೆ, ಅವಳೇ ಹೆತ್ತ ಹಾಗೆ. "ಇದನ್ನ ಮೊದಲನೇ ಸಲ ನೋಡಿದ ದಿನ ನಾನು ಟ್ರಾಮ್ ಇಳಿಯೋದೇ ಮರೆತು ಡಿಪೋ ತನಕ ಹೋಗಿದ್ದೆ."

ಫೆಬ್ರವರಿ 12, ಬುಧವಾರ

ಚೂರುಗಳ ತಟ್ಟೆಯನ್ನು ಈಗ ಬೇರೆ ರೀತಿ ನೋಡುತ್ತೇನೆ. ಒಂದು ಚೂರು, ಮತ್ತು ಉಳಿದದ್ದು. ಒಂದನ್ನು ಮುಗಿಸಿದರೆ ಉಳಿದದ್ದರಲ್ಲಿ ಮತ್ತೆ ಒಂದು, ಮತ್ತು ಉಳಿದದ್ದು. ತಟ್ಟೆ ಖಾಲಿಯಾದರೆ ನಿಲ್ಲು. ಇಷ್ಟನ್ನು ಬರೆದರೆ ಎಷ್ಟು ದೊಡ್ಡ ರಾಶಿಯನ್ನಾದರೂ ಅದು ಮುಗಿಸುತ್ತದೆ. ಎಷ್ಟು ಚಿಕ್ಕ ಮಾತು, ಎಷ್ಟು ದೊಡ್ಡ ಕೆಲಸ! ನಿನ್ನೆ ತರಕಾರಿ ಹೆಚ್ಚುವಾಗಲೂ ಹಾಗೇ ಅಂದುಕೊಂಡೆ. ಬೀನ್ಸ್ ಕಾಳೂ ಮೆಕ್ಕೆಜೋಳವೂ ಹಾಕಿದ ಮನೇಷ್ಟ್ರ ಸಾರು ಒಲೆಯ ಮೇಲೆ ತಳ ಹತ್ತಿತು.

ಇನ್ನೊಂದು. ಇವತ್ತು ಯಂತ್ರ ಚೂರುಗಳನ್ನು ಹೋಲಿಸುತ್ತಿರುವಾಗಲೇ ಅದರ ಒಂದು ಸಣ್ಣ ನಿಯಮವನ್ನು ನಾನು ಬದಲಿಸಿದೆ. ನಿಲ್ಲಿಸಲಿಲ್ಲ. ಮುಚ್ಚಿ ತೆರೆಯಲಿಲ್ಲ. ಅದು ಒಂದು ಕ್ಷಣವೂ ತಡವರಿಸದೆ ಮುಂದಿನ ಚೂರಿನಿಂದಲೇ ಹೊಸ ಮಾತು ಕೇಳಿತು. ಬಾಯಿ ತೆರೆದು ನೋಡುತ್ತ ಕೂತೆ. ನನ್ನ ಮಾತನ್ನು ಇಷ್ಟು ಬೇಗ ಕೇಳಿದವರು ಈ ಲೋಕದಲ್ಲಿ ಯಾರೂ ಇಲ್ಲ.

ದೆಫಾರ್ ಇದನ್ನೆಲ್ಲ ಮೂಲೆಯಲ್ಲಿ ಕೂತು ಒಬ್ಬನೇ ಅನುಭವಿಸುತ್ತಿದ್ದನಲ್ಲ. ಒಂದು ದಿನವಾದರೂ ಕರೆದು ತೋರಿಸಬಾರದಿತ್ತೇ? ಕರೆದಿದ್ದರೆ ನಾನು ಹೋಗುತ್ತಿದ್ದೆನೇ, ಅದೂ ಒಂದು ಪ್ರಶ್ನೆ.

ಫೆಬ್ರವರಿ 26, ಬುಧವಾರ

ತಿಹಾನಾ ದೆಫಾರನ ಫೈಲುಗಳನ್ನು ಹೊಸ ಯಂತ್ರಕ್ಕೆ ಹಾಕಿ ಓಡಿಸಿದಳು. ಬ್ರುಮ್ನಿಚ್ ಕೇಕ್ ತರಿಸಿದ್ದ.

ಹೊಸ ಯಂತ್ರ ದೇವದೂತನ ಮೂಗನ್ನು ಕುರಿಯ ಮಂಡಿಗೆ ಅಂಟಿಸಿತು.

ಯಾರೂ ಕೇಕ್ ಮುಟ್ಟಲಿಲ್ಲ. ಅದೇ ಚೂರುಗಳು, ಅದೇ ಚಿತ್ರಗಳು. ಹಳೆಯ ಯಂತ್ರ ಸರಿಯಾಗಿ ಹೇಳುತ್ತದೆ, ಹೊಸದು ಹುಚ್ಚುಚ್ಚಾಗಿ ಹೇಳುತ್ತದೆ. ತಿಹಾನಾ ಉಗುರು ಕಚ್ಚುತ್ತ ಕೂತಿದ್ದಾಳೆ. ಮಾರ್ಚ್ ಹದಿನಾಲ್ಕಕ್ಕೆ ಗೋದಾಮಿನ ವಿದ್ಯುತ್ ತೆಗೆಯುತ್ತಾರೆ.

ಮಾರ್ಚ್ 4, ಮಂಗಳವಾರ

ಪುಸ್ತ್ ಹಬ್ಬ. ಬೀದಿಯಲ್ಲಿ ಮುಖವಾಡದವರ ಗಲಾಟೆ. ನಾನು ಹಬ್ಬದ ತಿಂಡಿ ಕ್ರೋಷ್ಟುಲೆ ಕರಿದು ಡಬ್ಬಿಗೆ ಹಾಕಿ ಕಾರ್ಯಾಗಾರಕ್ಕೆ ಹೋದೆ. ತಿಹಾನಾ ನೆಲದ ಮೇಲೆ ಕೂತು ಗೋಡೆಗೆ ತಲೆ ಒರಗಿಸಿದ್ದಳು.

"ಸಿಕ್ತು ಅಕ್ಕಾ. ಯಾಕೆ ಅಂತ ಸಿಕ್ತು." ಅವಳ ದನಿಯಲ್ಲಿ ಸಂತೋಷವಿರಲಿಲ್ಲ. "ಫೈಲಲ್ಲಿರೋದು ಅವರು ಮೊದಲ ವರ್ಷ ಬರೆದದ್ದು. ಆಮೇಲೆ ತಿದ್ದಿದ್ದನ್ನೆಲ್ಲ ನೇರವಾಗಿ ಓಡೋ ಯಂತ್ರಕ್ಕೇ ಹೇಳಿದ್ದಾರೆ. ಫೈಲಿಗೆ ಒಂದಕ್ಷರ ಬರೆದಿಟ್ಟಿಲ್ಲ."

"ಹಾಗಾದ್ರೆ ಅದೆಲ್ಲ ಎಲ್ಲಿದೆ?"

ಹಳೆಯ ಯಂತ್ರವನ್ನು ತೋರಿಸಿದಳು. "ಅದರ ನೆನಪಲ್ಲಿ. ಪಕ್ಕದಲ್ಲಿ ಬ್ಯಾಟರಿ ಇಟ್ಟು, ಇಷ್ಟು ವರ್ಷ ಒಮ್ಮೆಯೂ ಆರಿಸಿಲ್ಲ ಪುಣ್ಯಾತ್ಮ. ಆರಿಸಿದ್ರೆ ಎಲ್ಲಾ ಮರೆತುಹೋಗುತ್ತೆ."

"ಇಷ್ಟು ದೊಡ್ಡ ಬುದ್ಧಿವಂತ ಇಂಥ ಪೆದ್ದು ಕೆಲಸ ಮಾಡ್ತಾನಾ?"

"ಪೆದ್ದರು ಮಾಡೋ ತಪ್ಪಲ್ಲ ಅಕ್ಕಾ ಇದು. ನಮ್ಮವರು ಮಾತ್ರ ಮಾಡೋ ತಪ್ಪು. ಎದುರಿಗೆ ಜೀವಂತವಾಗಿ ಕೂತು ಮಾತು ಕೇಳ್ತಿರುತ್ತಲ್ಲ, ಬರೆದಿಡಬೇಕು ಅನ್ನೋದೇ ಮರೆತುಹೋಗುತ್ತೆ. ನಮ್ಮ ಗುಂಪಲ್ಲಿ ಎಲ್ಲರೂ ಒಂದಲ್ಲ ಒಂದ್ಸಲ ಹೀಗೆ ಅತ್ತವರೇ."

ನೆನಪನ್ನು ಇಡಿಯಾಗಿ ಎತ್ತಿಕೊಂಡರೆ ಅದು ಇದೇ ಹಳೆಯ ಜಾತಿಯ ಯಂತ್ರದಲ್ಲಿ ಮಾತ್ರ ಏಳುತ್ತದಂತೆ. ಇದರ ಡಿಸ್ಕು ಈಗಾಗಲೇ ಕರಕರ ಅನ್ನುತ್ತಿದೆ, ಬೇರೊಂದು ಎಲ್ಲೂ ಸಿಗುವುದಿಲ್ಲ.

ಕ್ರೋಷ್ಟುಲೆ ತಿಂದೆವು. ಸಕ್ಕರೆ ಪುಡಿ ನೆಲದ ಮೇಲೆಲ್ಲ ಬಿತ್ತು. ನಾನು ಕೈ ಒರೆಸಿಕೊಂಡು ಕೇಳಿದೆ. "ಆ ಸಣ್ಣ ಗೆರೆ ಹಾಕಿದಾಗ ಅದು ತನ್ನನ್ನೇ ತೋರಿಸ್ತಲ್ಲ. ಒಳಗಿರೋ ನಿಯಮಗಳನ್ನೂ ಹಾಗೇ ಕೇಳೋಕಾಗಲ್ವಾ? 'ನಿನ್ನೊಳಗೆ ಏನಿದೆ ಹೇಳು' ಅಂತ?"

ತಿಹಾನಾ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅರೆದು ಯಂತ್ರದ ಭಾಷೆಗೆ ಇಳಿಸಿದ್ರೆ ಹೇಳಲ್ಲ. ಇವರು ಅವಸರದಲ್ಲಿ ಒಂದೊಂದಾಗಿ ಒತ್ತಿದವರು, ಅರೆದಿರಲಿಕ್ಕಿಲ್ಲ... ಹೇಳಿದ್ದನ್ನ ಹೇಳಿದ ಹಾಗೇ ಇಟ್ಕೊಂಡಿರಬಹುದು." ಎದ್ದು ನಿಂತಳು. "ಆದ್ರೆ ಡಿಸ್ಕಿಗೆ ಬರೆಯೋದು ಬೇಡ. ಕೇಬಲ್ ಹಾಕಿ ಹೊಸ ಯಂತ್ರಕ್ಕೆ ತಗೊಳ್ಳೋಣ. ಪ್ರೋಗ್ರಾಮು ನೀವು ಬರೀರಿ, ಕೇಬಲ್ ನಾನು ನೋಡ್ತೀನಿ."

"ನಾನಾ?"

"ಇನ್ಯಾರು? ಚೂರುಗಳ ಹೆಸರೆಲ್ಲ ನಿಮಗೇ ಗೊತ್ತಿರೋದು."

ಮಾರ್ಚ್ 11, ಮಂಗಳವಾರ

ನನ್ನ ಮೊದಲ ಪ್ರೋಗ್ರಾಮು ಹೀಗಿದೆ. ಈ ಮನೆಯೊಳಗಿರುವ ಹೆಸರುಗಳನ್ನೆಲ್ಲ ಕರೆ. ಮೊದಲನೆಯವನನ್ನು, ನಿನ್ನೊಳಗೆ ಏನಿದೆ ಎಂದು ಕೇಳು. ಹೇಳಿದ್ದನ್ನು ಬರೆದುಕೋ. ಉಳಿದವರಿಗೂ ಹಾಗೇ ಮಾಡು. ಯಾರೂ ಉಳಿಯದಿದ್ದರೆ ನಿಲ್ಲು.

ಎಷ್ಟೋ ಸಲ ಬ್ರಾಕೆಟ್ಟು ತಪ್ಪಿತು, ಎಷ್ಟೋ ಸಲ ಅದು ನನ್ನನ್ನು ಬೈಯಿತು. ಯಂತ್ರವನ್ನು ಕೆಡಿಸಿಬಿಟ್ಟೆನೇನೋ ಎಂದು ಒಮ್ಮೆ ತಿಹಾನಾಳನ್ನು ಕೂಗಿ ಕರೆದೆ. ಮಧ್ಯಾಹ್ನದ ಹೊತ್ತಿಗೆ ಅದು ಸರಿಯಾಯಿತು. ಗುಂಡಿ ಒತ್ತಿದೆ.

ಸಾಲುಗಳು ಬರತೊಡಗಿದವು. ನಿಲ್ಲಲೇ ಇಲ್ಲ. ತೆರೆ ತುಂಬಿ ಮೇಲಕ್ಕೆ ಹರಿಯುತ್ತ, ಮತ್ತೆ ತುಂಬುತ್ತ. ಮಾತು ಕಳೆದುಕೊಂಡವನು ದೂರದ ಆಸ್ಪತ್ರೆಯಲ್ಲಿ ಕಿಟಕಿ ನೋಡುತ್ತ ಕೂತಿದ್ದಾನೆ, ಇಲ್ಲಿ ಅವನು ಇಷ್ಟು ವರ್ಷ ಆಡಿದ್ದೆಲ್ಲ ಒಂದೊಂದೇ ಎದ್ದು ಬಂದು ತನ್ನನ್ನು ತಾನೇ ಹೇಳಿಕೊಳ್ಳುತ್ತಿದೆ. ತಿಹಾನಾ ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದಳು. ನಾನು ಇಗರ್ಜಿಗಳಲ್ಲೇ ಜೀವನ ಕಳೆದವಳು, ಇಷ್ಟು ಭಕ್ತಿಯಿಂದ ಎಲ್ಲೂ ನಿಂತ ನೆನಪಿಲ್ಲ.

ಮಾರ್ಚ್ 13, ಗುರುವಾರ

ಅಚ್ಚು ಹಾಕಿಸಿ ಓದಲು ಕೂತೆ. ಎರಡನೆಯ ಹಾಳೆಯಲ್ಲೇ ಕೈ ನಿಂತಿತು.

ಲಿಸ್ಪಿನಲ್ಲಿ ಪ್ರತಿ ನಿಯಮದ ಹೆಸರಿನ ಕೆಳಗೆ, ಇದು ಯಾತಕ್ಕೆ ಎಂದು ಒಂದು ಸಾಲು ಬರೆಯಬಹುದು. ದೆಫಾರ್ ಬರೆದಿದ್ದಾರೆ:

'ನೇವಿಯಾ ಹೇಳ್ತಾಳೆ: ನೀಲಿ ಒಣಗೋಡೆ ಮೇಲೆ ಬಳಿದದ್ದು, ಹಿಟ್ಟಿನ ಹಾಗೆ ಉದುರುತ್ತೆ. ನೀಲಿಯ ಅಂಚು ನಂಬಬೇಡ.'

ಅದರ ಕೆಳಗಿನದು:

'ನೇವಿಯಾ ಹೇಳ್ತಾಳೆ: ಇವನು ಎಡಗೈ ಚಿತ್ರಗಾರ, ಕುಂಚದ ಗೀರು ಹಿಂದುಮುಂದು.'

ಮತ್ತೆ:

'ನೇವಿಯಾ ಹೇಳ್ತಾಳೆ: ಒಂದೇ ದಿನದ ಗಾರೆ ಒಂದೇ ಥರ ಬಿರುಕು ಬಿಡುತ್ತೆ.'

ಹಾಳೆಯ ಮೇಲೆ ಹಾಳೆ. ನೇವಿಯಾ ಹೇಳ್ತಾಳೆ, ನೇವಿಯಾ ಹೇಳ್ತಾಳೆ. ಇವು ನಾನು ಅವರಿಗೆ ಹೇಳಿದ ಮಾತುಗಳಲ್ಲ. ಚೂರು ಹಿಡಿದು ಕೂತಾಗ ನನ್ನಷ್ಟಕ್ಕೆ ಗೊಣಗಿದ್ದು, ಚೂರುಗಳನ್ನು ಬೈದದ್ದು. ಕಿಟಕಿಯ ಕಡೆ ಮುಖ ಮಾಡಿ ಕೂತ ಆ ಮನುಷ್ಯ ಬೆನ್ನಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ನನ್ನ ಒಂದೊಂದು ಗೊಣಗಾಟವನ್ನೂ ಯಂತ್ರಕ್ಕೆ ಕಲಿಸಿದ್ದಾರೆ. ಅದಕ್ಕೇ ಅದು ಬರಬರುತ್ತ ಬುದ್ಧಿವಂತವಾದದ್ದು. ನಾನು ಎರಡು ತಿಂಗಳಿಂದ ಪುಸ್ತಕ ಹುಡುಕಿಕೊಂಡು ಅಲೆದೆ. ಈ ಪ್ರೋಗ್ರಾಮಿನ ಅರ್ಧ ನನ್ನದೇ ತಲೆ.

ಅತ್ತೆ. ಯಾಕೆ ಬಚ್ಚಿಡಬೇಕು, ಚೆನ್ನಾಗಿಯೇ ಅತ್ತೆ. ತಿಹಾನಾ ಹಾಳೆ ಕಸಿದುಕೊಂಡು ಓದಿ, "ಅಬ್ಬಾ ಅಕ್ಕಾ, ಇಷ್ಟೆಲ್ಲ ಬೈಗುಳ ಬರುತ್ತಾ ನಿಮಗೆ?" ಎಂದು ನಗಿಸಿದಳು.

ಆಮೇಲೆ ಮತ್ತೆ ಓದಿದೆ. ಒಂದು ಸಾಲು ಉಳಿದವುಗಳಂತಿರಲಿಲ್ಲ.

'ನೇವಿಯಾ ಹೇಳ್ತಾಳೆ: ಕಪ್ಪು ಅಂದ್ರೆ ಮೇಣದಬತ್ತಿ ಹೊಗೆ, ಪಕ್ಕಕ್ಕಿಡು. (ಎಲ್ಲ ಕಪ್ಪೂ ಹೊಗೆಯೇ? ಕೇಳಬೇಕು.)'

ಕೇಳಬೇಕು. ಯಾವ ವರ್ಷ ಬರೆದದ್ದೋ. ಕೇಳಲೇ ಇಲ್ಲ.

ಮಾರ್ಚ್ 14, ಶುಕ್ರವಾರ

ಹತ್ತು ಗಂಟೆಗೆ ವಿದ್ಯುತ್ ಹೋಯಿತು. ಬ್ಯಾಟರಿ ಸ್ವಲ್ಪ ಹೊತ್ತು ಹಿಡಿದುಕೊಂಡಿತು. ನಾನೂ ತಿಹಾನಾ ಪಕ್ಕದಲ್ಲೇ ನಿಂತಿದ್ದೆವು. ಫ್ಯಾನಿನ ಸದ್ದು ಇಳಿಯಿತು, ತೆರೆ ಆರಿತು. ಹೊರಗೆ ಕಾಗೆಯೊಂದು ಕೂಗುತ್ತಿತ್ತು.

ಹೊಸ ಕಟ್ಟಡದಲ್ಲಿ ಸಂಜೆ ಹೊಸ ಯಂತ್ರ ಮೂಗನ್ನು ದೇವದೂತನಿಗೇ ಕೊಟ್ಟಿತು. ಬ್ರುಮ್ನಿಚ್ ನನ್ನ ಕೈ ಹಿಡಿದು ಕುಲುಕಿದ. ಪೆಟ್ಟಿಗೆಗಳು ಉಗ್ರಾಣಕ್ಕೆ ಹೋಗುವುದಿಲ್ಲ, ಆದರೆ ಆನಾಳ ಗೋಡೆಗೆ ಬೇಸಿಗೆಯವರೆಗೆ ಮಾತ್ರ ಸಮಯ ಅಂದ.

ತಿಹಾನಾ ಸಂಜೆಯ ಬಸ್ಸಿಗೆ ಝಾಗ್ರೆಬ್‌ಗೆ ಹೊರಟಳು. ಅವಳ ಗುಂಪಿನವರು ಕೇಳಿದ್ದಾರಂತೆ, ಕೊನೆಗೆ ಯಾವ ಪುಸ್ತಕ ಕೆಲಸಕ್ಕೆ ಬಂತು ಎಂದು. "ಏನು ಹೇಳಲಿ?" ಅಂದಳು. ನಾನು ಕಂಕುಳಲ್ಲಿದ್ದ ಹಾಳೆಗಳ ಕಟ್ಟನ್ನು ಎತ್ತಿ ತೋರಿಸಿದೆ.

ಮಾರ್ಚ್ 16, ಭಾನುವಾರ

ಹಾಳೆಗಳನ್ನು ಆಸ್ಪತ್ರೆಗೆ ಒಯ್ದು ಲಿವಿಯೊ ದೆಫಾರರ ಮಡಿಲಲ್ಲಿಟ್ಟೆ. ಅವರು ನೋಡಿದರು. ಕಿವಿಯವರೆಗೂ ಕೆಂಪಾದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗೆ ಹಾಳೆಗಳನ್ನು ಎಡಗೈಯಿಂದ ಮುಚ್ಚಲು ನೋಡಿದರು.

"ಎಲ್ಲಾ ಓದಿ ಆಯ್ತು, ಈಗ ಮುಚ್ಚಿ ಏನು ಪ್ರಯೋಜನ?" ಅಂದೆ. "ಇಷ್ಟು ವರ್ಷ ಬೆನ್ನು ಹಾಕಿ ಕೂತು ನನ್ನ ಮಾತು ಕದ್ದಿದ್ದೀರಿ. ಹೋಗಲಿ. ಈ ಒಂದು ಕೇಳಬೇಕು ಅಂತ ಬರೆದಿದ್ದೀರಲ್ಲ, ಕೇಳಿ ಈಗ."

ಲಿವಿಯೊ ಆ ಸಾಲಿನ ಮೇಲೆ ಬೆರಳಿಟ್ಟು, ಹುಬ್ಬೇರಿಸಿ ನನ್ನನ್ನು ನೋಡಿದರು. ಮಾತಿಲ್ಲದೆ ಕೇಳಿದ ಅಷ್ಟು ನೇರವಾದ ಪ್ರಶ್ನೆಯನ್ನು ನಾನು ಎಂದೂ ಎದುರಿಸಿರಲಿಲ್ಲ.

"ಎಲ್ಲಾ ಹೊಗೆ ಅಲ್ಲ" ಅಂದೆ. "ಎರಡು ವರ್ಷದ ಹಿಂದೆ ಗಡಿಯಾಚೆ ಒಂದು ಇಗರ್ಜಿಯಲ್ಲಿ ನೋಡಿದೆ. ಸೀಸದ ಬಿಳಿ ಬಳಿದಿದ್ರೆ, ಗೋಡೆ ತೇವಕ್ಕೆ ಅದೇ ಕಪ್ಪಾಗುತ್ತೆ. ಮುಖಕ್ಕೆ, ಕೆನ್ನೆಗೆ ಹೊಳಪು ಬರಲಿ ಅಂತ ಬಳಿಯೋ ಬಿಳಿ..."

ನೀರಿಗೆ ಕೈ ಅದ್ದಿದ ಹೆಂಗಸಿನ ಮುಖವೂ ಹಾಗೇ ಕಪ್ಪಾಗಿರಬೇಕು! ಲಿವಿಯೊ ಕಣ್ಣು ಮುಚ್ಚಿ ತೆರೆದರು. ಅವರಿಗೂ ತಿಳಿಯಿತು. ಕಪ್ಪು ಚೂರುಗಳನ್ನು ಯಂತ್ರ ಇಷ್ಟು ವರ್ಷ ನನಗೆ ಒಮ್ಮೆಯೂ ತೋರಿಸಿಲ್ಲ. ಪಕ್ಕಕ್ಕಿಡು ಅಂದಿದ್ದೆ, ಪಕ್ಕಕ್ಕಿಟ್ಟಿತ್ತು.

ಅವರ ಎಡಗೈ ನನ್ನ ಕೈ ಹಿಡಿದು, ಬಾಗಿಲ ಕಡೆಗೆ ತಳ್ಳಿತು. ಹೋಗು, ಬೇಗ ಹೋಗು.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಯಂತ್ರದ ಮುಂದೆ ಕೂತು ಆ ನಿಯಮವನ್ನು ಕರೆದೆ. ಅದು ಬಂದು ತನ್ನನ್ನು ತೋರಿಸಿತು. ಓಡುತ್ತಿರುವಾಗಲೇ ತಿದ್ದಿದೆ. ಕೆಳಗಿನ ಸಾಲನ್ನೂ ತಿದ್ದಿದೆ: 'ಲಿವಿಯೊ ಕೇಳಿದರು. ನೇವಿಯಾ ಹೇಳಿದಳು: ಎಲ್ಲ ಕಪ್ಪೂ ಹೊಗೆಯಲ್ಲ, ಕೆಲವು ಹಳೆಯ ಬಿಳಿ.'

ಯಂತ್ರ ಒಂದು ಕಪ್ಪು ಚೂರನ್ನು ತಲೆವಸ್ತ್ರದ ಅಂಚಿನ ಪಕ್ಕಕ್ಕೆ ಹೇಳಿತು. ತಳದ ಪೆಟ್ಟಿಗೆಯಿಂದ ಹುಡುಕಿ ತಂದು ಮರಳಿನಲ್ಲಿಟ್ಟೆ. ಕೂತಿತು. ನನ್ನ ಕೈಗೆ ಗೊತ್ತಾಗುತ್ತದೆ, ಕೂತಾಗ. ಇನ್ನೊಂದು ಹೇಳಿತು, ಕೂತಿತು. ಹಣೆ, ಹುಬ್ಬು, ದವಡೆ. ಬ್ರುಮ್ನಿಚ್ ಊಟಕ್ಕೆ ಕರೆಯಲು ಬಂದವನು ನನ್ನ ಪಕ್ಕ ಮಂಡಿಯೂರಿ ಕೂತುಬಿಟ್ಟ. ಮೂರು ಗಂಟೆಯ ಹೊತ್ತಿಗೆ ಬಾಯಿ ಬಂತು, ಆಮೇಲೆ ಒಂದು ಕಣ್ಣು.

ಮುಖ ಕಪ್ಪಾಗಿದೆ. ಆದರೆ ಅವಳೇ. ನಾನು ಅಂದುಕೊಂಡ ಹಾಗೆ ನೀರನ್ನು ನೋಡುತ್ತಿಲ್ಲ. ಕೈ ನೀರಿನಲ್ಲಿದೆ, ಕಣ್ಣು ಮಾತ್ರ ಹಾಸಿಗೆಯಲ್ಲಿ ಮಲಗಿದ ತಾಯಿಯ ಕಡೆಗಿದೆ, 'ಬಿಸಿ ಸರಿಯಿದೆ, ಬಾ' ಅನ್ನುವ ಹಾಗೆ ತುಟಿ ಸ್ವಲ್ಪ ತೆರೆದಿದೆ. ಎಂಥ ಹೆಂಗಸು! ಐನೂರು ವರ್ಷದ ಹಿಂದೆ ಯಾವನೋ ಎಡಗೈಯವನು ಇವಳನ್ನು ಹೀಗೆ ನೋಡಿದ್ದಾನೆ. ಫೋಟೋ ತೆಗೆದು ಆಸ್ಪತ್ರೆಯ ದಾದಿಯ ಫೋನಿಗೆ ಕಳಿಸಿದೆ, ಯಾರ ಸಹಾಯವೂ ಇಲ್ಲದೆ. ಲಿವಿಯೊ ಫೋನನ್ನು ವಾಪಸು ಕೊಡುತ್ತಿಲ್ಲವಂತೆ.

ತಿಹಾನಾ ಫೋನು ಮಾಡಿ ಸಂತೋಷದಿಂದ ಕೂಗಿದಳು. ಎಲ್ಲ ಹೇಳಿಸಿಕೊಂಡು, ಕೊನೆಗೆ ಕೇಳಿದಳು. "ಅಕ್ಕಾ, ಬೆಳಿಗ್ಗೆ ತಿದ್ದಿದ್ದನ್ನ ಫೈಲಿಗೆ ಹಾಕಿದ್ರಿ ತಾನೇ?"

"ಯಾವ ಫೈಲಿಗೆ?"

ಅವಳು ಕಿರುಚಿದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು. ಯಾಕಷ್ಟು ಗಾಬರಿಯೋ ಈ ಹುಡುಗಿಗೆ. ನಾಳೆ ಬರೆದಿಡುತ್ತೇನೆ ಅಂದೆ. ಇನ್ನೊಂದು ಕಣ್ಣು ಹುಡುಕುವುದು ಬಾಕಿಯಿದೆ. ಯಂತ್ರ ಎದುರಿಗೇ ಓಡುತ್ತಿದೆ, ಹೇಳಿದ್ದನ್ನು ಕೇಳುತ್ತಿದೆ, ಅವಸರವೇನು?